ಬೆಟ್ಟದ ಬುಡದ ಜನ ಹಠಮಾರಿಗಳಲ್ಲ

ಸಂಪಾದಕರಿಗೆ ನಮಸ್ಕಾರ.

ಮೆಕ್ಸಿಕೋದ ಪೊಪೊಕಟೆಪೆಟ್ಲ್ ಜ್ವಾಲಾಮುಖಿ ಬಗ್ಗೆ ನಿಮ್ಮಲ್ಲಿ ಬಂದ ಬರಹ ಓದಿದೆ. ಫೋಟೋ ಚೆನ್ನಾಗಿತ್ತು. ಆದರೆ ಅಪಾಯ ಬಂದರೂ ಊರು ಬಿಡಲ್ಲ ಅಂತ ಅದರ ಬುಡದ ಹಳ್ಳಿಯವರನ್ನು ಸುಮ್ನೆ ‘ಹಠಮಾರಿಗಳು’ ಅಂದುಬಿಟ್ಟಿದ್ದೀರಿ. ಓದಿ ತುಂಬಾ ಬೇಜಾರಾಯಿತು.

ಆ ಬೆಟ್ಟ ಮತ್ತೆ ಎದ್ದಿದ್ದು 1994ರ ಡಿಸೆಂಬರ್‌ನಲ್ಲಿ. ಅಲ್ಲಿಂದ ಈಚೆಗೆ ಬೂದಿ ಬೀಳೋದು ಆ ಊರುಗಳಿಗೆ ಹೊಸದೇನಲ್ಲ. ಬೂದಿ ಅಂದ್ರೆ ನಮ್ಮ ಒಲೆ ಬೂದಿಯಲ್ಲ, ಕಲ್ಲು, ಗಾಜಿನ ನುಣ್ಣನೆ ಪುಡಿ. ನೀರು ಹಾಕಿದರೆ ಚರಂಡಿಯಲ್ಲಿ ಗಟ್ಟಿಯಾಗಿ ಕೂರುತ್ತದೆ, ಅದಕ್ಕೇ ಮೂಗಿಗೆ ಬಟ್ಟೆ ಕಟ್ಟಿಕೊಂಡು, ನೀರಿನ ತೊಟ್ಟಿ ಮುಚ್ಚಿ, ಮಾಳಿಗೆಯಿಂದ ಅಂಗಳದವರೆಗೂ ಗುಡಿಸಿ ಚೀಲಕ್ಕೆ ತುಂಬಬೇಕು. ಆಮೇಲೆ ಹೊಲ ಇದ್ದೇ ಇದೆ. ಸುಣ್ಣ ಹಾಕಿ ಬೇಯಿಸಿದ ಮೆಕ್ಕೆಜೋಳ ಅರೆದು ರೊಟ್ಟಿ ತಟ್ಟೋದೂ ಇದೆ. ಅರೆಯುವ ಕಲ್ಲೂ ಜ್ವಾಲಾಮುಖಿಯದ್ದೇ. ಸ್ಯಾನ್ ನಿಕೊಲಾಸ್ ದೆ ಲೊಸ್ ರಾಂಚೋಸ್‌ನಲ್ಲಿ ಅದನ್ನು ಕಡಿಯುವ ಕಲ್ಲುಕುಟಿಗರಿದ್ದಾರೆ. (ನಮ್ಮ ಪುಣೆಯ ಪಾತಾಳೇಶ್ವರ ಗುಡಿ ಕೊರೆದ ಕರಿಕಲ್ಲೂ ಒಂದು ಕಾಲದ ಲಾವಾನೇ ಅಲ್ವಾ?)

ಬೆಟ್ಟವನ್ನು ಅವರು ‘ಡಾನ್ ಗೋಯೋ’ ಅಂತಾರೆ. ಗೋಯೋ ಅಂದ್ರೆ ಗ್ರೆಗೋರಿಯೋ. ಡಾನ್ ಅಂದ್ರೆ ನಾವು ‘ಯಜಮಾನ್ರು’ ಅಂದ ಹಾಗೆ. ಮಾರ್ಚ್ 12 ಅವನ ಹುಟ್ಟುಹಬ್ಬ. ಸ್ಯಾಂಟಿಯಾಗೊ ಶಾಲಿಟ್ಸಿಂಟ್ಲಾ ಊರಿನವರು ಹೂವು, ಹಣ್ಣು, ಬಟ್ಟೆ ಹೊತ್ತು ಬೆಟ್ಟ ಹತ್ತಿ ಒಳ್ಳೆ ಮಳೆ ಕೊಡಪ್ಪಾ ಅಂತ ಬೇಡಿಕೊಳ್ಳುತ್ತಾರೆ. ಕಾರಹುಣ್ಣಿಮೆ, ಸೀಗೆ ಹುಣ್ಣಿಮೆ ಮಾಡುವ ನಮಗೆ ಇದು ವಿಚಿತ್ರ ಅನ್ನಿಸಬಾರದು.

2000ದ ಡಿಸೆಂಬರ್‌ನಲ್ಲಿ ಹತ್ತಾರು ಸಾವಿರ ಜನರನ್ನು ಊರು ಬಿಡಿಸಿದರು. ಕೆಲವರು ಹೊರಡಲಿಲ್ಲ. ದನ, ಕೋಳಿಗಳನ್ನು ಯಾರ ಕೈಗೆ ಕೊಟ್ಟು ಹೋಗೋದು, ಬಾಗಿಲು ಹಾಕಿದ ಮನೆ ಕಾಯೋರು ಯಾರು?

ನಮ್ಮೂರು ಬಾಗಲಕೋಟೆ ಕಡೆ. ಆಲಮಟ್ಟಿ ಹಿನ್ನೀರಲ್ಲಿ ಮುಳುಗಿತು. ಊರು ಬಿಡುವ ದಿನ ಟ್ರ್ಯಾಕ್ಟರ್ ಬಂದು ನಿಂತಿದ್ದರೂ ಅವ್ವ ಹಿತ್ತಲಲ್ಲಿ ಒರಳುಕಲ್ಲು ಅಗೆಯುತ್ತಾ ಕೂತಿದ್ದಳು. ಉಗುರಿನ ಸಂದಿಯೆಲ್ಲ ಮಣ್ಣು. ಎಮ್ಮೆಯನ್ನು ಸಿಕ್ಕ ರೇಟಿಗೆ ಮಾರಿ ಆಗಿತ್ತು, ಕಲ್ಲನ್ನಾದರೂ ಬಿಡಲ್ಲ ಅಂದಳು. ಅದು ಈಗ ಚಿಂಚವಾಡದ ನಮ್ಮ ಬಾಲ್ಕನಿಯಲ್ಲಿದೆ. ಅವ್ವನನ್ನೂ ಅವತ್ತು ಒಬ್ಬ ಸಾಹೇಬರು ಹಠಮಾರಿ ಅಂದಿದ್ದರು.

ಬೆಟ್ಟ ಸಿಡಿಯುವ ಹಾಗಿದ್ದರೆ ಜನ ಹೊರಡಲೇಬೇಕು, ಅದರಲ್ಲಿ ಎರಡು ಮಾತಿಲ್ಲ. ಆದರೆ ಮುಂದಿನ ಸಲ ಬರೆಯುವಾಗ ಅವರ ದನಗಳನ್ನು ಎಲ್ಲಿ ಕಟ್ಟುತ್ತಾರೆ, ಮೇವು ಯಾರು ಹಾಕುತ್ತಾರೆ ಅನ್ನೋದನ್ನೂ ವಿಚಾರಿಸಿ ಬರೆಯಿರಿ.

— ಓದುಗ, ಚಿಂಚವಾಡ, ಪುಣೆ