ಉಳಿದುಹೋದ 29 ನಡೆ

ಹನುಮಂತನಗರ
ಬುಧವಾರ ರಾತ್ರಿ

ಮಗಳೇ,

ಭಾನುವಾರ ಕಾಫಿಯನ್ನು ಅರ್ಧಕ್ಕೇ ಬಿಟ್ಟು ಎದ್ದು ಬಂದೆ. ಅಪ್ಪನಿಗೆ ಕೋಪ ಬಂತು ಅಂದುಕೊಂಡಿರುತ್ತೀಯ. ಕೋಪ ಅಲ್ಲ. ವೈಟ್‌ಫೀಲ್ಡಿನಲ್ಲಿ ಮೆಟ್ರೊ ಹತ್ತಿ, ಮೆಜೆಸ್ಟಿಕ್ಕಿನಲ್ಲಿ ಬದಲಿಸಿ, ನ್ಯಾಷನಲ್ ಕಾಲೇಜಿನಲ್ಲಿ ಇಳಿಯಬೇಕಾದವನು ಬನಶಂಕರಿವರೆಗೂ ಹೋಗಿಬಿಟ್ಟೆ. ನಿನ್ನ ಒಂದು ಮಾತು ತಲೆಯಿಂದ ಇಳಿಯಲೇ ಇಲ್ಲ.

ಪುಟ್ಟಿಯ ಕೈಯಿಂದ ರೂಬಿಕ್ಸ್ ಕ್ಯೂಬ್ ಕಿತ್ತುಕೊಂಡು ಬೀರುವಿಗೆ ಹಾಕಿ ಬೀಗ ಜಡಿದೆಯಲ್ಲ, ಆಗ ನಾನು ಬಾಯಿ ತೆರೆಯುವಷ್ಟರಲ್ಲಿ ನೀನು ಹೇಳಿದ್ದು: "ನೀವು ನನಗೂ ಹೀಗೇ ಮಾಡಿದ್ರಿ ಅಪ್ಪ. ನಾನು ಚೆನ್ನಾಗೇ ಇದೀನಿ ಅಲ್ವಾ?"

ಚೆನ್ನಾಗೇ ಇದ್ದೀಯ. ನೀನು ಸಿಎ ಪಾಸಾದ ದಿನ ಬೀದಿಗೆಲ್ಲ ಮೈಸೂರು ಪಾಕ್ ಹಂಚಿದವನು ನಾನು. ಆದರೆ ಅದಕ್ಕೂ ಆ ಸಂಜೆಗೂ ಗಂಟು ಹಾಕಬೇಡ. ಆ ಸಂಜೆ ನಾನು ತಪ್ಪು ಮಾಡಿದೆ. ಇಷ್ಟು ವರ್ಷ ನಿನಗೆ ಹೇಳಲಿಲ್ಲ.

ಎಸ್‌ಎಸ್‌ಎಲ್‌ಸಿ. ಮಾರನೇ ದಿನ ಗಣಿತದ ಪ್ರಿಪರೇಟರಿ. ಕರೆಂಟ್ ಹೋಗಿತ್ತು. ಮೇಣದಬತ್ತಿ ಹಚ್ಚಿಕೊಂಡು ಆ ಚನ್ನಪಟ್ಟಣದ ಆಟಿಕೆ ಮುಂದೆ ಕೂತಿದ್ದೆ ನೀನು. ಮೂರು ಕಂಬ, 7 ಬಿಲ್ಲೆ. ಮೊದಲ ಕಂಬದ ಬಿಲ್ಲೆಗಳನ್ನೆಲ್ಲ ಕೊನೇ ಕಂಬಕ್ಕೆ ಸಾಗಿಸಬೇಕು, ಒಂದು ಸಲಕ್ಕೆ ಒಂದೇ ಬಿಲ್ಲೆ ಎತ್ತಬೇಕು, ಚಿಕ್ಕದರ ಮೇಲೆ ದೊಡ್ಡದು ಕೂರಬಾರದು ಅಂತ ನನಗೆ ಹೇಳಿಕೊಟ್ಟವಳೇ ನೀನು. ಜೋರಾಗಿ ಎಣಿಸುತ್ತಿದ್ದೆ. 96, 97, 98. ನಾನು ಬಂದು ಕಿತ್ತುಕೊಂಡು ಅಟ್ಟಕ್ಕೆ ಹಾಕಿದೆ. ನೀನು ಅಳಲಿಲ್ಲ. "ಇನ್ನು 29 ಇತ್ತಪ್ಪಾ" ಅಂದೆ, ಅಷ್ಟೇ. ಎದುರು ಮಾತಾಡ್ತಾಳೆ ಅಂದುಕೊಂಡೆ.

ನೀನು ಮಲಗಿದ ಮೇಲೆ ನಿನ್ನ ನೋಟ್‌ಬುಕ್ ತೆಗೆದು ನೋಡಿದೆ. ಕೊನೇ ಹಾಳೆಯಲ್ಲಿ, ಒಂದು ಬಿಲ್ಲೆಗೆ ಎಷ್ಟು ನಡೆ, ಎರಡಕ್ಕೆ ಎಷ್ಟು, ಹೀಗೆ ಏಳರವರೆಗೆ ಸಾಲಾಗಿ ಬರೆದಿದ್ದೆ. 1, 3, 7, 15, 31, 63, 127. ಕೆಳಗೆ, "ಎರಡರಷ್ಟು, ಮೇಲೊಂದು". ತಳದ ಬಿಲ್ಲೆ ಅಲ್ಲಾಡಬೇಕಾದರೆ ಮೇಲಿನ ಆರನ್ನೂ ಆಚೆ ಇಡಬೇಕು, ಅದಕ್ಕೆ 63 ನಡೆ. ದೊಡ್ಡದಕ್ಕೆ 1. ಆರನ್ನೂ ಮತ್ತೆ ಅದರ ಮೇಲೆ ತರಲು ಇನ್ನೊಂದು 63. ಇದು ನಿನ್ನ ಪಠ್ಯದಲ್ಲಿ ಇರಲಿಲ್ಲ. ಯಾರೂ ಹೇಳಿಕೊಟ್ಟಿರಲಿಲ್ಲ. ಉತ್ತರ ಗೊತ್ತಿದ್ದೂ, ಅದು ನಿಜವಾಗುವುದನ್ನು ಕೈಯಾರೆ ನೋಡಬೇಕು ಅಂತ ಕೂತಿದ್ದೆ. ಗಣಿತ ಓದು ಅಂತ ಗದರಿಸಿ ನಾನು ಗಣಿತವನ್ನೇ ಅಟ್ಟಕ್ಕೆ ಹಾಕಿದ್ದೆ.

ಅದು ಆ ರಾತ್ರಿಯೇ ನನಗೆ ಗೊತ್ತಾಯಿತು. ಆದರೂ ಇಳಿಸಿ ಕೊಡಲಿಲ್ಲ. ಅಪ್ಪ ಆದವನು ಹೇಳಿದ ಮಾತು ವಾಪಸ್ ತಗೋಬಾರದು ಅಂತ ಆಗ ನಂಬಿದ್ದೆ. ನಾಳೆ ಕೇಳುತ್ತಾಳೆ, ಆಗ ಕೊಡೋಣ ಅಂದುಕೊಂಡೆ. ನೀನು ಕೇಳಲೇ ಇಲ್ಲ. ಪರೀಕ್ಷೆಯಲ್ಲಿ 96 ಬಂತು, ಆಗಲೂ ಕೇಳಲಿಲ್ಲ. ಬೇಸಿಗೆ ರಜದಲ್ಲೂ ಕೇಳಲಿಲ್ಲ. ನನಗೆ ಭಯ ಇರುವುದು ಪುಟ್ಟಿಯ ಮಾರ್ಕ್ಸ್ ಬಗ್ಗೆ ಅಲ್ಲ. ಅವಳೂ ಒಂದು ದಿನ ಕೇಳುವುದನ್ನು ನಿಲ್ಲಿಸಿಬಿಟ್ಟರೆ?

ಸಾಲ ತೆಗೆದು ಕಳೆಯುವ ಲೆಕ್ಕದಲ್ಲಿ ಅವಳು ಎಡವುತ್ತಾಳೆ ಅಂತ ನಿನ್ನ ಚಿಂತೆ ಅಲ್ವಾ? ಭಾನುವಾರ ಬೆಳಿಗ್ಗೆ, ನೀನು ಅಡುಗೆಮನೆಯಲ್ಲಿದ್ದಾಗ, ಹಳೇ ಮದುವೆ ಕಾಗದದ ಹಿಂದೆ ಅವಳು ಏನು ಮಾಡಿದಳು ಗೊತ್ತಾ? ಹುಟ್ಟಿದ ಇಸವಿ 2016 ತೆಗೆದುಕೊಂಡಳು. ಅಂಕಿಗಳನ್ನು ಇಳಿಕೆಯಲ್ಲಿ ಬರೆದು ಅದರಿಂದ ಏರಿಕೆಯದನ್ನು ಕಳೆದಳು. 6210ರಲ್ಲಿ 0126 ಹೋದರೆ 6084. ಅದಕ್ಕೂ ಹಾಗೇ ಮಾಡಿದರೆ 8172. ಆಮೇಲೆ 7443, 3996, 6264, 4176. ಏಳನೇ ಸಲಕ್ಕೆ 6174. ಮತ್ತೆ ಮಾಡಿದಳು, ಮತ್ತೆ 6174. ನಾಲ್ಕೂ ಅಂಕಿ ಒಂದೇ ಆಗಿರದಿದ್ದರೆ ಸಾಕು, ಯಾವ ನಾಲ್ಕಂಕಿ ಸಂಖ್ಯೆಯೂ ಏಳು ಸಲದೊಳಗೆ ಅಲ್ಲಿಗೇ ಬಂದು ನಿಲ್ಲುತ್ತದೆ. ಇದನ್ನು ಕಂಡುಹಿಡಿದ ಕಾಪ್ರೇಕರ್ ನಾಸಿಕದ ಹತ್ತಿರ ದೇವಲಾಲಿಯಲ್ಲಿ ಶಾಲಾ ಮೇಷ್ಟ್ರಾಗಿದ್ದವರು. "ತಾತ, ಎಲ್ಲಾ ಅಲ್ಲಿಗೇ ಯಾಕೆ ಹೋಗ್ತವೆ?" ಅಂತ ಕೇಳಿದಳು ನಿನ್ನ ಮಗಳು. ಎಂಟು ಸಲ ಸಾಲ ತೆಗೆದು ಕಳೆದಿದ್ದಳು, ಯಾರೂ ಹೇಳದೆ. ಯಾವ ವರ್ಕ್‌ಶೀಟಿಗೆ ಹಾಗೆ ಕೂತಿದ್ದಾಳೆ ಹೇಳು.

ಅವಳನ್ನು ಕ್ಯೂಬ್ ಕ್ಲಾಸಿಗೆ ಸೇರಿಸಬೇಡ. ಪಕ್ಕದಲ್ಲಿ ಗಡಿಯಾರ ಇಟ್ಟು ಕೂರಿಸಬೇಡ. ಬುದ್ಧಿ ಚುರುಕಾಗುತ್ತೆ ಅಂತ ಡಬ್ಬಿ ಮೇಲೆ ಬರೆದಿರುವುದನ್ನೆಲ್ಲ ತರಬೇಡ. ಅಜ್ಜಿಯ ಅಳಗುಳಿ ಮಣೆ ಇದೆ, 14 ಗುಳಿ, ಒಂದು ಹಿಡಿ ಹುಣಸೆಬೀಜ ಸಾಕು. ಅವೆನ್ಯೂ ರಸ್ತೆಯ ಹಳೇ ಪುಸ್ತಕದ ರಾಶಿ ಮುಂದೆ ಅವಳನ್ನು ಬಿಡು, ಒಗಟಿನ ಪುಸ್ತಕವನ್ನು ಅವಳೇ ಹುಡುಕಿಕೊಳ್ಳಲಿ. ಉತ್ತರದ ಪುಟ ಮಾತ್ರ ನೀನು ಹರಿದಿಟ್ಟುಕೋ. ಇದರಿಂದ ಏನು ಉಪಯೋಗ ಅಂತ ಕೇಳಬೇಡ, ದಯವಿಟ್ಟು. ಆ ಬಿಲ್ಲೆಯಾಟವನ್ನು 1883ರಲ್ಲಿ ಹೊರತಂದ ಫ್ರಾನ್ಸಿನ ಲ್ಯೂಕಾ ದೊಡ್ಡ ಗಣಿತಜ್ಞ. ಅಂಥವರೇ ಆಟಿಕೆ ಮಾಡಿದ್ದಾರೆ ಅಂದಮೇಲೆ ಆಟಕ್ಕೂ ಓದಿಗೂ ನಡುವೆ ಗೋಡೆ ಕಟ್ಟಲು ನಾವ್ಯಾರು? ನೋಡು, ಮತ್ತೆ ನಿನಗೆ ಪಾಠ ಹೇಳುತ್ತಿದ್ದೇನೆ. ಕ್ಷಮೆ ಕೇಳಲು ಕೂತವನು.

ಸೋಮವಾರ ಏಣಿ ಹಾಕಿ ಅಟ್ಟದಿಂದ ಆ ಡಬ್ಬಿ ಇಳಿಸಿದೆ. ಅಮ್ಮ ಬೈದಳು. 7 ಬಿಲ್ಲೆಯೂ ಇವೆ, ಅರಗಿನ ಬಣ್ಣ ಹಾಗೇ ಇದೆ. ಮೊದಲಿಂದ ಆಡಿದೆ. ಮೂರು ಸಲ ತಪ್ಪಿತು. ನಾಲ್ಕನೇ ಸಲ 98ಕ್ಕೆ ಬಂದು ಕೈ ನಿಲ್ಲಿಸಿದೆ.

ಎರಡು ದೊಡ್ಡ ಬಿಲ್ಲೆ ಆಗಲೇ ಕೊನೇ ಕಂಬ ಸೇರಿಬಿಟ್ಟಿದ್ದವು ಮಗಳೇ. ಅವೆರಡರ ಮೇಲೆ ಎಲ್ಲಕ್ಕಿಂತ ಚಿಕ್ಕದು. ನಡುವಿನ ಕಂಬದಲ್ಲಿ ಅದರ ನಂತರದ್ದು ಒಂದೇ. ಉಳಿದ ಮೂರು ಮೊದಲ ಕಂಬದಲ್ಲೇ ಇವೆ. ನೀನು ಅಲ್ಲಿಯವರೆಗೆ ಬಂದಿದ್ದೆ. ಆ ಸಂಜೆ ನನಗೆ ಅದು ಕಾಣಲಿಲ್ಲ.

ಹಾಲಿನ ಟೀಪಾಯಿ ಮೇಲೆ ಹಾಗೇ ಇಟ್ಟಿದ್ದೇನೆ. ಧೂಳು ಒರೆಸುವಾಗಲೂ ಮುಟ್ಟಬೇಡ ಅಂತ ಅಮ್ಮನಿಗೆ ಹೇಳಿದ್ದೇನೆ. ಈ ಭಾನುವಾರ ಪುಟ್ಟಿಯನ್ನು ಕರೆದುಕೊಂಡು ಬಾ. ಬೀರುವಿನ ಬೀಗದ ಬಗ್ಗೆ ನಾನು ಏನೂ ಕೇಳುವುದಿಲ್ಲ.

ಅಪ್ಪ