ಒಂದೇ ಆ್ಯಪಿಗೆ ಕಟ್ಟುಬಿದ್ದ ಸಾಧನಗಳನ್ನು ಇನ್ನು ಮಾರುವುದಿಲ್ಲ: ಗ್ರಾಹಕರಿಗೆ ಪತ್ರ

ಬದಿಯಡ್ಕ

ಮಾನ್ಯ ಗ್ರಾಹಕರೇ,

ಮುಂದಿನ ತಿಂಗಳ ಒಂದನೇ ತಾರೀಖಿನಿಂದ ನಮ್ಮ ಅಂಗಡಿಯಲ್ಲಿ, ತಯಾರಿಸಿದ ಕಂಪನಿಯ ಆ್ಯಪಿನಲ್ಲಿ ಮಾತ್ರ ನಡೆಯುವ ಅಗ್ಗದ ವೈ-ಫೈ ಪ್ಲಗ್, ಬಲ್ಬ್, ಸ್ವಿಚ್ಚುಗಳು ಸಿಗುವುದಿಲ್ಲ. ಅವುಗಳ ಜಾಗಕ್ಕೆ, ಬೇರೆ ಬೇರೆ ಕಂಪನಿಗಳ ಆ್ಯಪಿನಲ್ಲೂ ನಡೆಯುವ, ‘ಮ್ಯಾಟರ್’ ಎಂಬ ಮಾನದಂಡದ ಗುರುತು ಇರುವ ಸಾಧನಗಳು ಬರುತ್ತವೆ. ಬೆಲೆ ಸ್ವಲ್ಪ ಹೆಚ್ಚು. ಇದನ್ನು ಮೊದಲೇ ಹೇಳುತ್ತಿದ್ದೇವೆ, ಏಕೆಂದರೆ ಮುಂದಿನದೆಲ್ಲ ಆ ಹೆಚ್ಚಿನ ಹಣಕ್ಕೆ ನಿಮಗೆ ಸಿಗುವುದೇನು ಎಂಬ ಲೆಕ್ಕ.

ಅಗ್ಗದ ಪ್ಲಗ್ಗುಗಳಲ್ಲಿ ಹೆಚ್ಚಿನವು ನಡೆಯುವ ಕ್ರಮ ಹೀಗೆ: ಚಾವಡಿಯಲ್ಲಿ ಕುಳಿತು ನೀವು ಮೊಬೈಲಿನಲ್ಲಿ ಒತ್ತಿದ್ದು ಇಂಟರ್ನೆಟ್ ಮೂಲಕ ಎಲ್ಲೋ ಇರುವ ಕಂಪನಿಯ ಸರ್ವರಿಗೆ ಹೋಗುತ್ತದೆ, ಅಲ್ಲಿಂದ ತಿರುಗಿ ಅದೇ ಚಾವಡಿಯ ಪ್ಲಗ್ಗಿಗೆ ಬರುತ್ತದೆ. ಬೇಸಗೆಯಲ್ಲಿ ಇದು ಯಾರ ಗಮನಕ್ಕೂ ಬರುವುದಿಲ್ಲ. ಜೂನ್, ಜುಲೈಯಲ್ಲಿ ಗುಡ್ಡದ ಬದಿಯ ಮರವೊಂದು ಬಿದ್ದು ಫೈಬರ್ ಕೇಬಲ್ ಕಡಿದಾಗ ಗೊತ್ತಾಗುತ್ತದೆ. ಮನೆಯಲ್ಲಿ ಕರೆಂಟು ಇರುತ್ತದೆ, ರೂಟರ್ ಉರಿಯುತ್ತಿರುತ್ತದೆ, ಆದರೂ ಹತ್ತಡಿ ದೂರದ ದೀಪ ಮೊಬೈಲಿನ ಮಾತು ಕೇಳುವುದಿಲ್ಲ. ಇನ್ನು ಆ ಕಂಪನಿ ಸರ್ವರನ್ನೇ ನಿಲ್ಲಿಸಿತೆಂದರೆ, ನೀವು ಸ್ಮಾರ್ಟ್ ಎಂದು ಹಣ ಕೊಟ್ಟದ್ದು ಸಾದಾ ಪ್ಲಗ್ ಆಗಿ ಉಳಿಯುತ್ತದೆ. ಪ್ಲಗ್ ಒಂದು ಕಂಪನಿಯದು, ಬಲ್ಬ್ ಇನ್ನೊಂದರದು, ಗೇಟಿನ ದೀಪ ಮತ್ತೊಂದರದು ಆದರೆ ಮೂರು ಆ್ಯಪ್, ಮೂರು ಪಾಸ್‌ವರ್ಡ್. ಅಜ್ಜ ಅಜ್ಜಿ ಇಬ್ಬರೇ ಇರುವ ಮನೆಗಳಲ್ಲಿ ಆ ಮೂರನ್ನೂ ನೆನಪಿಟ್ಟುಕೊಳ್ಳುವವರು ಯಾರು?

2019ರ ಡಿಸೆಂಬರಿನಲ್ಲಿ ಅಮೆಜಾನ್, ಆ್ಯಪಲ್, ಗೂಗಲ್ ಮತ್ತು ಜಿಗ್‌ಬೀ ಎಂಬ ರೇಡಿಯೋ ಜಾಲದ ಹಿಂದಿರುವ ಕಂಪನಿಗಳ ಒಕ್ಕೂಟವಾದ ಅಂದಿನ ಜಿಗ್‌ಬೀ ಅಲಯನ್ಸ್ ಸೇರಿ ಎಲ್ಲರ ಸಾಧನಗಳೂ ಒಪ್ಪುವ ಒಂದು ಮಾನದಂಡ ರೂಪಿಸಲು ಹೊರಟವು. ಅದರ ಮೊದಲ ಆವೃತ್ತಿ 2022ರ ಅಕ್ಟೋಬರಿನಲ್ಲಿ ಬಂತು. ಅದೇ ಮ್ಯಾಟರ್. ಒಂದೇ ಪ್ಲಗ್ಗನ್ನು ಗೂಗಲ್ ಹೋಂ, ಅಲೆಕ್ಸಾ, ಆ್ಯಪಲ್ ಹೋಂ ಮೂರಕ್ಕೂ ಸೇರಿಸಬಹುದು. ಮನೆಯೊಳಗಿನ ಆಜ್ಞೆ ಮನೆಯೊಳಗಿನ ಜಾಲದಲ್ಲೇ ಸಾಗುವಂತೆ ಅದನ್ನು ರೂಪಿಸಿದ್ದಾರೆ, ಸರ್ವರಿನ ಅಪ್ಪಣೆಗೆ ಕಾಯಬೇಕಾಗಿಲ್ಲ. ದುಬೈಯಲ್ಲಿರುವ ಮಗ ಇಲ್ಲಿಯ ಗೇಟಿನ ದೀಪ ಉರಿಸಬೇಕಾದರೆ ಮಾತ್ರ ಇಂಟರ್ನೆಟ್ ಬೇಕೇ ಬೇಕು. ಅದಕ್ಕೆ ಯಾವ ಮಾನದಂಡದಲ್ಲೂ ಪರಿಹಾರವಿಲ್ಲ.

ಮ್ಯಾಟರ್ ಮತ್ತು ‘ಥ್ರೆಡ್’ ಎರಡೂ ಒಂದೇ ಎಂದುಕೊಂಡು ಬರುವವರು ಬಹಳ. ಮ್ಯಾಟರ್ ಎಂದರೆ ಸಾಧನಗಳು ಆಡುವ ಭಾಷೆ. ಆ ಭಾಷೆ ವೈ-ಫೈ ಮೇಲೂ ಸಾಗಬಹುದು, ಥ್ರೆಡ್ ಎಂಬ ಬೇರೆ ರೇಡಿಯೋ ಜಾಲದ ಮೇಲೂ ಸಾಗಬಹುದು. ನಾವು ತರಿಸುವ ಪ್ಲಗ್ಗುಗಳಲ್ಲಿ ಹೆಚ್ಚಿನವು ವೈ-ಫೈ ಮೇಲೆ ನಡೆಯುವ ಮ್ಯಾಟರ್. ಬ್ಯಾಟರಿಯ ಸಣ್ಣ ಸೆನ್ಸರುಗಳು ಥ್ರೆಡ್.

ಈ ವ್ಯತ್ಯಾಸ ನಮ್ಮ ಕಡೆಯ ಮನೆಗಳಲ್ಲಿ ಪೇಟೆಯ ಫ್ಲ್ಯಾಟುಗಳಿಗಿಂತ ಹೆಚ್ಚು ಮುಖ್ಯ. ಮುರಕಲ್ಲಿನ ದಪ್ಪ ಗೋಡೆ ರೇಡಿಯೋ ಅಲೆಗಳನ್ನು ಚೆನ್ನಾಗಿ ನುಂಗುತ್ತದೆ, ಮಳೆಗಾಲದಲ್ಲಿ ನೀರು ಕುಡಿದ ಗೋಡೆ ಇನ್ನೂ ಹೆಚ್ಚು. ಚಾವಡಿಯ ರೂಟರಿನ ಸಿಗ್ನಲ್ ಅಡುಗೆಮನೆ ದಾಟಿ ಬಚ್ಚಲಿಗೆ, ಅಲ್ಲಿಂದ ಕೊಟ್ಟಿಗೆಗೆ ತಲುಪುವುದಿಲ್ಲ ಎಂಬ ದೂರು ಇಲ್ಲದ ವಾರವಿಲ್ಲ. ಥ್ರೆಡ್ ಗೋಡೆಯನ್ನು ತೂರಿ ಹೋಗುತ್ತದೆ ಎಂದು ಯಾರಾದರೂ ಹೇಳಿದರೆ ನಂಬಬೇಡಿ. ಅದೂ ವೈ-ಫೈಯಂತೆ 2.4 ಗಿಗಾಹರ್ಟ್ಸಿನಲ್ಲೇ ನಡೆಯುವುದು, ಜಿಗ್‌ಬೀ ಕೂಡ ಹಾಗೆಯೇ. ಅದರ ಅನುಕೂಲ ಬೇರೆ ಕಡೆ ಇದೆ: ಕರೆಂಟಿನಲ್ಲಿ ನಡೆಯುವ ಥ್ರೆಡ್ ಬಲ್ಬ್ ಅಥವಾ ಪ್ಲಗ್ ತನಗೆ ಬಂದ ಸಂದೇಶವನ್ನು ಮುಂದಿನ ಸಾಧನಕ್ಕೆ ದಾಟಿಸುತ್ತದೆ. ಚಾವಡಿಯಿಂದ ಅಡುಗೆಮನೆಯ ಪ್ಲಗ್ಗಿಗೆ, ಅಲ್ಲಿಂದ ಬಚ್ಚಲಿನ ಬಲ್ಬಿಗೆ, ಬಲ್ಬಿನಿಂದ ಕೊಟ್ಟಿಗೆಯ ಬಾಗಿಲಿನ ಸೆನ್ಸರಿಗೆ. ಬ್ಯಾಟರಿಯ ಸಾಧನಗಳು ಮಾತ್ರ ಹೀಗೆ ದಾಟಿಸುವುದಿಲ್ಲ. ಅವು ಹೆಚ್ಚಿನ ಹೊತ್ತು ನಿದ್ರೆಯಲ್ಲಿರುವುದರಿಂದಲೇ ಬ್ಯಾಟರಿ ತಿಂಗಳುಗಟ್ಟಲೆ ಬಾಳುತ್ತದೆ. ಆದ್ದರಿಂದ ಸೆನ್ಸರುಗಳನ್ನಷ್ಟೇ ಕೊಂಡು ಜಾಲ ಹಬ್ಬಲಿಲ್ಲ ಎನ್ನಬೇಡಿ. ಥ್ರೆಡ್ಡಿನ ವೇಗ ಸೆಕೆಂಡಿಗೆ 250 ಕಿಲೋಬಿಟ್ ಮಾತ್ರ. ಕ್ಯಾಮೆರಾಕ್ಕೆ ಏನೇನೂ ಸಾಲದು, ಬಾಗಿಲು ತೆರೆದಿದೆ ಎಂದು ತಿಳಿಸಲು ಧಾರಾಳ.

ಇದರಲ್ಲೇ ಒಂದು ತೊಡಕು ಇದೆ. ರಾತ್ರಿ ಮಲಗುವ ಮುನ್ನ ಗೋಡೆಯ ಸ್ವಿಚ್ಚುಗಳನ್ನೆಲ್ಲ ಆರಿಸುತ್ತಾ ಬರುವುದು ಹಿರಿಯರ ರೂಢಿ. ಸ್ವಿಚ್ ಆರಿಸಿದರೆ ಸ್ಮಾರ್ಟ್ ಬಲ್ಬ್ ಸತ್ತಂತೆ, ಅದರ ಹಿಂದಿನ ಸೆನ್ಸರಿನ ದಾರಿಯೂ ಮುಚ್ಚಬಹುದು. ಅಂತಹ ಮನೆಗಳಿಗೆ ಬಲ್ಬಿಗಿಂತ ಸ್ವಿಚ್ ಬೋರ್ಡಿನ ಒಳಗೆ ಕೂರಿಸುವ ರಿಲೇ ಎಂಬ ಸಣ್ಣ ಸ್ಮಾರ್ಟ್ ಸ್ವಿಚ್ ಒಳ್ಳೆಯದೆಂದು ನಮ್ಮ ಅಭಿಪ್ರಾಯ. ಗೋಡೆಯ ಸ್ವಿಚ್ಚೂ ನಡೆಯುತ್ತದೆ, ಮೊಬೈಲೂ ನಡೆಯುತ್ತದೆ. ಅದಕ್ಕೆ ಸಾಮಾನ್ಯವಾಗಿ ನ್ಯೂಟ್ರಲ್ ತಂತಿ ಬೇಕು. ಬೋರ್ಡಿನಲ್ಲಿ ಸಾಕೆಟ್ ಇದ್ದರೆ ಅದು ಅಲ್ಲೇ ಇರುತ್ತದೆ. ಸ್ವಿಚ್ಚುಗಳಷ್ಟೇ ಇರುವ ಹಳೆಯ ಬೋರ್ಡಾದರೆ ಮೊದಲು ನಮ್ಮ ಎಲೆಕ್ಟ್ರಿಷಿಯನ್ ಬಂದು ನೋಡಲಿ. ತಾವೇ ಬಿಚ್ಚುವ ಸಾಹಸ ಬೇಡ.

ಮ್ಯಾಟರ್ ಸಾಧನಗಳನ್ನು ನಡೆಸಲು ಸಾಮಾನ್ಯವಾಗಿ ಮನೆಯಲ್ಲಿ ಒಂದು ಹಬ್, ಎಂದರೆ ಅವುಗಳನ್ನೆಲ್ಲ ಒಟ್ಟಿಗೆ ನಡೆಸುವ ಸಾಧನ, ಇರಬೇಕು. ಹೆಚ್ಚಿನ ಖರ್ಚು ಇಲ್ಲೇ. ಥ್ರೆಡ್ ಬೇಕಾದರೆ ಆ ಹಬ್ಬಿನಲ್ಲಿ ಥ್ರೆಡ್ ಜಾಲವನ್ನು ಮನೆಯ ವೈ-ಫೈಗೆ ಜೋಡಿಸುವ ಬಾರ್ಡರ್ ರೂಟರ್ ಎಂಬ ಸೌಲಭ್ಯವೂ ಇರಬೇಕು. ಆ್ಯಪಲ್‌ನ ಹೋಂಪಾಡ್ ಮಿನಿಯಲ್ಲಿ, ಗೂಗಲ್‌ನ 2ನೇ ತಲೆಮಾರಿನ ನೆಸ್ಟ್ ಹಬ್ಬಿನಲ್ಲಿ ಅದು ಇದೆ. ನೆಸ್ಟ್ ಮಿನಿಯಲ್ಲಿ ಇಲ್ಲ. ಮನೆಯಲ್ಲಿ ಇಂತಹ ಸ್ಮಾರ್ಟ್ ಸ್ಪೀಕರ್ ಇದ್ದರೆ ಅದರ ಅಡಿಯಲ್ಲಿರುವ ಬರಹದ ಫೋಟೋ ತೆಗೆದು ತನ್ನಿ, ನೋಡಿ ಹೇಳುತ್ತೇವೆ. ಒಂದೇ ಬಲ್ಬಿಗಾಗಿ ಹಬ್ ಕೊಳ್ಳುವುದು ದಂಡ. ಅಂತಹವರಿಗೆ ನಾವು ಮಾರುವುದೂ ಇಲ್ಲ, ಸಾದಾ ಎಲ್‌ಇಡಿ ಕೊಟ್ಟು ಕಳುಹಿಸುತ್ತೇವೆ. ಬೆಲೆಯೂ ಹೀಗೆಯೇ ಉಳಿಯಲಾರದು ಎನಿಸುತ್ತದೆ. ಐಕಿಯಾ 2025ರ ನವೆಂಬರಿನಲ್ಲಿ ಥ್ರೆಡ್ ಮೇಲೆ ನಡೆಯುವ 21 ಮ್ಯಾಟರ್ ಸಾಧನಗಳನ್ನು ಒಟ್ಟಿಗೆ ಪ್ರಕಟಿಸಿತು. ದೊಡ್ಡವರು ಅಗ್ಗದ ಸಾಲಿಗೆ ಇಳಿದರೆ ಉಳಿದವರೂ ಇಳಿಯಬೇಕಾಗುತ್ತದೆ.

ಗಲ್ಫಿನಿಂದ, ಅಮೆರಿಕದಿಂದ ಮಕ್ಕಳು ತಂದುಕೊಟ್ಟ ಸಾಧನಗಳ ಬಗ್ಗೆ ಒಂದು ಮಾತು. ದುಬೈಯ ಪ್ಲಗ್ಗಿಗೆ ಬ್ರಿಟಿಷರ ಚಪ್ಪಟೆ ಪಿನ್ನುಗಳಿರುತ್ತವೆ. ಅಡಾಪ್ಟರ್ ಸಿಕ್ಕಿಸಿ ಅದರ ಮೇಲೆ ಇಸ್ತ್ರಿಪೆಟ್ಟಿಗೆ ನಡೆಸುವುದನ್ನು ನಾವು ಒಪ್ಪುವುದಿಲ್ಲ. ಅಮೆರಿಕದ ಪ್ಲಗ್ 120 ವೋಲ್ಟಿಗೆ ಮಾಡಿದ್ದು, ನಮ್ಮ 230ಕ್ಕೆ ಸಿಕ್ಕಿಸಲೇಬಾರದು. ಬ್ಯಾಟರಿಯ ಜಿಗ್‌ಬೀ, ಥ್ರೆಡ್ ಸೆನ್ಸರುಗಳಿಗೆ ಈ ತೊಂದರೆಯಿಲ್ಲ, 2.4 ಗಿಗಾಹರ್ಟ್ಸ್ ಎಲ್ಲೆಡೆ ಒಂದೇ. ಆದರೆ ಝಡ್-ವೇವ್ ಎಂಬ ಇನ್ನೊಂದು ರೇಡಿಯೋ ಜಾಲದ ಸಾಧನ ಕೊಳ್ಳುವ ಮುನ್ನ ದೇಶ ನೋಡಲೇಬೇಕು. ಅಮೆರಿಕದ್ದು 908 ಮೆಗಾಹರ್ಟ್ಸಿನ ಸುತ್ತ, ಯುರೋಪಿನದು 868, ಭಾರತದ್ದು 865. ಈ ಮೂರರಲ್ಲಿ ಒಂದರ ಸಾಧನ ಇನ್ನೊಂದರ ಹಬ್ಬಿನೊಡನೆ ಮಾತಾಡುವುದಿಲ್ಲ.

ತೋಟದ ಪಂಪಿಗೆ ಇವು ಯಾವುವೂ ಆಗುವುದಿಲ್ಲ. ಬಾಯಾರು, ಪಡ್ರೆ ಕಡೆ ಗುಡ್ಡಕ್ಕೆ ಅಡ್ಡವಾಗಿ ಕೊರೆದ ಸುರಂಗದ ನೀರು ತಾನಾಗಿ ಟ್ಯಾಂಕಿಗೆ ಇಳಿಯುವ ಭಾಗ್ಯವಂತರನ್ನು ಬಿಡಿ, ಉಳಿದವರು ಮೊಬೈಲಿನಿಂದ ಪಂಪ್ ನಡೆಸಲು ಸಿಮ್ ಹಾಕುವ ಸ್ಟಾರ್ಟರನ್ನೇ ಇಟ್ಟುಕೊಳ್ಳಿ. ಅದನ್ನು ನಾವು ಮೊದಲಿನಂತೆಯೇ ಮಾರುತ್ತೇವೆ. 2ಜಿ ಮಾತ್ರ ಹಿಡಿಯುವ ಹಳೆಯ ಸ್ಟಾರ್ಟರಿಗೆ ಜಿಯೋ ಸಿಮ್ ನಡೆಯುವುದಿಲ್ಲ ಎಂಬುದು ನೆನಪಿರಲಿ. ಮನೆಯ ಗೀಸರಿನ ಲೆಕ್ಕ ಸುಲಭ: 2000 ವ್ಯಾಟಿನದು ಸುಮಾರು 8.7 ಆ್ಯಂಪಿಯರ್ ಎಳೆಯುತ್ತದೆ, 3000 ವ್ಯಾಟಿನದು 13. ಎರಡಕ್ಕೂ 16 ಆ್ಯಂಪಿಯರಿನ ಪ್ಲಗ್ಗನ್ನೇ ಕೇಳಿ ಪಡೆಯಿರಿ.

ಈಗಾಗಲೇ ನಮ್ಮಲ್ಲಿ ಕೊಂಡ ಹಳೆಯ ಪ್ಲಗ್, ಬಲ್ಬುಗಳನ್ನು ಎಸೆಯಬೇಕಾಗಿಲ್ಲ. ಅವುಗಳ ಗ್ಯಾರಂಟಿ ಮುಗಿಯುವವರೆಗೆ ಬದಲಿಸಿಕೊಡುತ್ತೇವೆ. ಆಮೇಲೂ ರೂಟರ್ ಬದಲಾದಾಗ ಮತ್ತೆ ಜೋಡಿಸಿಕೊಡುವ ಕೆಲಸಕ್ಕೆ ಹಣ ತೆಗೆದುಕೊಳ್ಳುವುದಿಲ್ಲ. ಕರೆಂಟು ಹೋಗಿ ನಡುರಾತ್ರಿ ಬಂದಾಗ ಮಲಗುವ ಕೋಣೆಯ ಬಲ್ಬ್ ತಾನಾಗಿ ಝಗ್ಗನೆ ಉರಿಯುತ್ತದೆ ಎಂದು ಹಲವರು ಹೇಳಿದ್ದೀರಿ. ಹೆಚ್ಚಿನ ಬಲ್ಬುಗಳಲ್ಲಿ ಅದಕ್ಕೊಂದು ಸೆಟ್ಟಿಂಗ್ ಇದೆ, ಹಳೆಯದರಲ್ಲೂ. ಮೊಬೈಲ್ ತಂದರೆ ಅಂಗಡಿಯಲ್ಲೇ ಸರಿ ಮಾಡಿಕೊಡುತ್ತೇವೆ.

ಹೊಸದನ್ನು ಕೊಂಡವರು ಡಬ್ಬಿಯ ಮೇಲಿನ ಕ್ಯೂಆರ್ ಕೋಡ್ ಮತ್ತು ಅದರ ಕೆಳಗಿನ 11 ಅಂಕಿಗಳ ಫೋಟೋ ತೆಗೆದಿಡಿ. ಸಾಧನವನ್ನು ಮತ್ತೆ ಮೊದಲಿನಿಂದ ಸೇರಿಸಬೇಕಾದಾಗ ಅದು ಬೇಕು. ರಿಲೇಯ ಮೇಲೆ ಅಂಟಿಸಿದ ಕೋಡನ್ನು ಓದಬೇಕಾದರೆ ಮತ್ತೆ ಬೋರ್ಡ್ ಬಿಚ್ಚಬೇಕಾಗುತ್ತದೆ. ನಾವೂ ಬಿಲ್ಲಿನ ಹಿಂಬದಿಯಲ್ಲಿ ಆ ಅಂಕಿಗಳನ್ನು ಬರೆದುಕೊಡುತ್ತೇವೆ. ಜೋಡಿಸುವ ವಿಧಾನದ ಹಾಳೆ ಕನ್ನಡದಲ್ಲೂ ಮಲಯಾಳದಲ್ಲೂ ಕೌಂಟರಿನಲ್ಲಿ ಇದೆ. ಮನೆಗೆ ಬಂದು ಜೋಡಿಸಬೇಕೆಂದಿದ್ದರೆ ಹಿಂದಿನ ದಿನವೇ ತಿಳಿಸಿ, ವೈ-ಫೈ ಪಾಸ್‌ವರ್ಡ್ ಗೊತ್ತಿರುವವರು ಆ ಹೊತ್ತಿಗೆ ಮನೆಯಲ್ಲಿರಲಿ.

ಇತಿ ನಿಮ್ಮ ವಿಶ್ವಾಸಿಗಳು,
ಅಂಗಡಿಯ ಪಾಲುದಾರರು