ಸ್ನಾಯು ಆಕರಕೋಶ: ಪ್ರಯೋಗ ಯಾರ ಮೇಲೆ ಎಂಬುದನ್ನೂ ಬರೆಯಿರಿ

ಮಾನ್ಯ ಸಂಪಾದಕರೇ,

ಆಕರಕೋಶಗಳನ್ನು (ಸ್ಟೆಮ್ ಸೆಲ್) ಕಸಿ ಮಾಡಿ ಹೊಸ ಸ್ನಾಯು ಬೆಳೆಸುವ ಬಗ್ಗೆ ಈಚೆಗೆ ತಮ್ಮ ಪತ್ರಿಕೆಯಲ್ಲಿ ಬಂದ ಬರಹವನ್ನು ನನ್ನ ತಂಗಿ ಕತ್ತರಿಸಿ ಮಗನ ಆಸ್ಪತ್ರೆ ಫೈಲಿನಲ್ಲಿ ಇಟ್ಟುಕೊಂಡಿದ್ದಾಳೆ. ಹನ್ನೊಂದು ವರ್ಷದ ಆ ಹುಡುಗನಿಗೆ ಡುಶೆನ್ ಸ್ನಾಯುಕ್ಷಯವಿದೆ, ಅಂದರೆ ಸ್ನಾಯುಗಳು ಕ್ರಮೇಣ ಸವೆದು ಬಲ ಕುಂದುವ ಹುಟ್ಟುಕಾಯಿಲೆ. ಚಿಕ್ಕಂದಿನಲ್ಲಿ ಅವನ ಮೀನಖಂಡಗಳು ದಪ್ಪಗಿದ್ದುದನ್ನು ಕಂಡು ಕಂಬಳ ಓಡಿಸುವವನ ಕಾಲು ಎಂದು ನಾವೇ ಹೊಗಳುತ್ತಿದ್ದೆವು. ಕುಳಿತಲ್ಲಿಂದ ಏಳುವಾಗ ಅವನು ಮೊದಲು ಅಂಗೈಯನ್ನು ನೆಲಕ್ಕೂರಿ, ಆಮೇಲೆ ಮೊಣಕಾಲಿಗೂ ತೊಡೆಗೂ ಒಂದೊಂದಾಗಿ ಕೈಕೊಟ್ಟು, ತನ್ನ ಮೈಯನ್ನೇ ಏಣಿ ಮಾಡಿಕೊಂಡು ಹತ್ತುತ್ತಿದ್ದುದು ಮಾತ್ರ ನಮ್ಮ ಕಣ್ಣಿಗೆ ಬಿದ್ದಿರಲಿಲ್ಲ. ಎರಡೂ ಈ ಕಾಯಿಲೆಯ ಗುರುತುಗಳೇ.

ಬರಹದಲ್ಲಿ ಸುಳ್ಳೇನೂ ಇರಲಿಲ್ಲ. ಸ್ನಾಯುತಂತುವಿಗೂ ಅದರ ಹೊರಪೊರೆಗೂ ನಡುವೆ ಸುಪ್ತವಾಗಿರುವ ಸ್ಯಾಟಲೈಟ್ ಕೋಶಗಳನ್ನು (ಸ್ನಾಯುವಿನ ಆಕರಕೋಶಗಳೆಂದರೆ ಇವೇ) 1961ರಲ್ಲಿ ಅಲೆಕ್ಸಾಂಡರ್ ಮೌರೊ ಗುರುತಿಸಿದ್ದು, ಸ್ನಾಯುವಿಗೆ ಪೆಟ್ಟಾದಾಗ ಇವೇ ಎಚ್ಚೆತ್ತು ರಿಪೇರಿಗೆ ಇಳಿಯುವುದು, 2005ರಲ್ಲಿ ಒಂದೇ ತಂತುವಿನೊಂದಿಗೆ ಕಸಿ ಮಾಡಿದ ಬರೀ ಏಳು ಕೋಶಗಳಿಂದ ನೂರಕ್ಕೂ ಹೆಚ್ಚು ಹೊಸ ತಂತುಗಳು ಬೆಳೆದದ್ದು, ಎಲ್ಲವೂ ನಿಜ. ಆದರೆ ಅವು ಬೆಳೆದದ್ದು ಇಲಿಯ ಕಾಲಿನಲ್ಲಿ, ಮತ್ತು ಆ ಮಾತು ತಮ್ಮಲ್ಲಿ ಕೊನೆಯ ಪ್ಯಾರಾಕ್ಕೆ ಸರಿದಿತ್ತು. 1990ರ ದಶಕದಲ್ಲಿ ಡುಶೆನ್ ಇರುವ ಮಕ್ಕಳಿಗೇ ಸ್ನಾಯುಕೋಶಗಳನ್ನು ಚುಚ್ಚಿ ನೋಡಿದಾಗ ಹೆಚ್ಚಿನವು ಕೆಲವೇ ದಿನಗಳಲ್ಲಿ ಸತ್ತವು, ಉಳಿದವು ಸೂಜಿ ಹೋದ ದಾರಿಯಿಂದ ಹೆಚ್ಚು ದೂರ ಹರಡಲಿಲ್ಲ, ಮಕ್ಕಳ ಬಲವೂ ಹೆಚ್ಚಲಿಲ್ಲ. ದೇಹದಲ್ಲಿ ಆರುನೂರಕ್ಕೂ ಹೆಚ್ಚು ಸ್ನಾಯುಗಳಿವೆ. ಈ ಕಾಯಿಲೆಯಲ್ಲಿ ಕೊನೆಗೆ ಕೈಕೊಡುವ ಉಸಿರಾಟದ ಸ್ನಾಯುಗಳಿಗೂ ಹೃದಯಕ್ಕೂ ಹೀಗೆ ಸೂಜಿ ಚುಚ್ಚುತ್ತ ಹೋಗುವುದು ಸಾಧ್ಯವೇ?

ಇಷ್ಟು ಬರೆಯಲು ಕಾರಣವಿದೆ. ಎರಡು ವರ್ಷದ ಹಿಂದೆ ಇಂಥದೇ ಒಂದು ಸುದ್ದಿ ಓದಿದ ನಮ್ಮ ಮನೆಯವರು ಪರವೂರಿನ ಖಾಸಗಿ ಕ್ಲಿನಿಕ್ ಒಂದಕ್ಕೆ ಹುಡುಗನನ್ನು ಕರೆದೊಯ್ದರು. ಅಲ್ಲಿ ಅವನ ಸೊಂಟದ ಎಲುಬಿನಿಂದ ಮಜ್ಜೆ ತೆಗೆದು, ಅದರ ಕೋಶಗಳನ್ನು ಬೆನ್ನಿಗೆ ಚುಚ್ಚಿ, ಮೂರು ಲಕ್ಷ ರೂಪಾಯಿಗೆ 'ಸ್ಟೆಮ್ ಸೆಲ್ ಥೆರಪಿ' ಎಂದು ರಶೀದಿ ಕೊಟ್ಟರು. (ಅದಕ್ಕೂ ಮೊದಲು ನಾಗದೋಷವೆಂದು ಆಶ್ಲೇಷಾ ಬಲಿಯೂ ಆಗಿತ್ತು, ಖರ್ಚು ಇದರ ಹತ್ತರಲ್ಲೊಂದು ಪಾಲೂ ಇಲ್ಲ, ಭಟ್ಟರು ವಿಜ್ಞಾನದ ಹೆಸರನ್ನೂ ಎತ್ತಿರಲಿಲ್ಲ.) ಮಜ್ಜೆಯ ಕೋಶ ಸ್ಯಾಟಲೈಟ್ ಕೋಶವಲ್ಲ. ಒಂದು ವೇಳೆ ಅದೇ ಆಗಿದ್ದರೂ, ಸ್ನಾಯುತಂತು ಹರಿಯದಂತೆ ಕಾಯುವ ಡಿಸ್ಟ್ರೋಫಿನ್ ಎಂಬ ಪ್ರೋಟೀನು ತಯಾರಿಸುವ ಜೀನ್ ಆ ಹುಡುಗನ ಪ್ರತಿ ಕೋಶದಲ್ಲೂ ಕೆಟ್ಟಿರುವಾಗ, ಅವನದೇ ಕೋಶವನ್ನು ತಿದ್ದದೆ ಅವನಿಗೇ ಹಾಕುವುದು ಜೊಳ್ಳನ್ನು ಆರಿಸಿ ಮತ್ತೆ ಬಿತ್ತಿದಂತೆ. ಬೇರೆಯವರ ಕೋಶ ಹಾಕಿದರೆ ದೇಹದ ರೋಗನಿರೋಧಕ ವ್ಯವಸ್ಥೆ ಅದನ್ನು ಹೊರಗಿನದೆಂದು ಕೊಲ್ಲುತ್ತದೆ. ಈ ಇಕ್ಕಟ್ಟಿನಿಂದ ಪಾರಾಗಲು ಜೀನನ್ನು ಮೊದಲು ತಿದ್ದಿ ಆಮೇಲೆ ಕಸಿ ಮಾಡುವ ಸಂಶೋಧನೆ ನಡೆದಿದೆ. ಅದು ಆಶೆ ಪಡತಕ್ಕ ಕೆಲಸವೇ, ಆದರೆ ಇವತ್ತು ದುಡ್ಡು ಕೊಟ್ಟು ಕೊಳ್ಳುವ ಚಿಕಿತ್ಸೆಯಲ್ಲ.

ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ 2017ರ ಮಾರ್ಗಸೂಚಿಯೂ ಇದನ್ನೇ ಹೇಳುತ್ತದೆ. ರಕ್ತದ ಕಾಯಿಲೆಗಳಿಗೆ ಮಾಡುವ ಕಸಿಯನ್ನು ಬಿಟ್ಟರೆ ಉಳಿದ ಆಕರಕೋಶ ಚಿಕಿತ್ಸೆಗಳನ್ನು ಅನುಮತಿ ಪಡೆದ, ನೋಂದಾಯಿತ ಪ್ರಯೋಗವಾಗಿಯೇ ನಡೆಸಬೇಕು. ಅದಕ್ಕೆ ರೋಗಿಯಿಂದ ಹಣ ಪಡೆಯುವಂತಿಲ್ಲ. ನೋಂದಣಿಯಾಗಿದೆಯೇ ಎಂಬುದನ್ನು ವೈದ್ಯಕೀಯ ಪ್ರಯೋಗಗಳನ್ನು ದಾಖಲಿಸುವ ಸರ್ಕಾರಿ ಸಿಟಿಆರ್‌ಐ ಜಾಲತಾಣದಲ್ಲಿ ಯಾರು ಬೇಕಾದರೂ ಪುಕ್ಕಟೆಯಾಗಿ ನೋಡಬಹುದು. ನಮಗೆ ಆಗ ಇದು ಗೊತ್ತಿರಲಿಲ್ಲ.

ಆದ್ದರಿಂದ ಇಂಥ ಸುದ್ದಿಗಳಲ್ಲಿ ಪ್ರಯೋಗ ನಡೆದದ್ದು ಇಲಿಯ ಮೇಲೋ ಮನುಷ್ಯರ ಮೇಲೋ, ಮನುಷ್ಯರಾದರೆ ಎಷ್ಟು ಮಂದಿಯ ಮೇಲೆ ಎಂಬುದನ್ನು ಮೊದಲ ಪ್ಯಾರಾದಲ್ಲೇ ಮುದ್ರಿಸಬೇಕೆಂದು ಕೋರುತ್ತೇನೆ. ಸ್ಟೆಮ್ ಸೆಲ್ ಕ್ಲಿನಿಕ್‌ಗಳ ಜಾಹೀರಾತು ಬಂದರೆ ನೋಂದಣಿ ಸಂಖ್ಯೆ ಕೇಳದೆ ಸ್ವೀಕರಿಸಬಾರದೆಂದು ಜಾಹೀರಾತು ವಿಭಾಗಕ್ಕೂ ದಯವಿಟ್ಟು ತಿಳಿಸಿ.

– ನಿವೃತ್ತ ವಿಜ್ಞಾನ ಶಿಕ್ಷಕ, ಅಂಬಲಪಾಡಿ, ಉಡುಪಿ